ಜಪಾನ್ ಆಳ್ವಿಕೆಯ ಕೊರಿಯಾದಲ್ಲಿ ಸ್ವಾತಂತ್ರ್ಯ ಹೋರಾಟಕ್ಕಿಳಿದ ವೈದ್ಯರು: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಕಾಲದ ಮಾತು?

1905ರಲ್ಲಿ ಜಪಾನ್ ಒಂದು ಒಪ್ಪಂದದ ಹೆಸರಿನಲ್ಲಿ ಕೊರಿಯಾದ ವಿದೇಶಾಂಗ ವ್ಯವಹಾರವನ್ನು ತನ್ನ ಕೈಗೆ ತೆಗೆದುಕೊಂಡಿತು. 1907ರಲ್ಲಿ ಚಕ್ರವರ್ತಿ ಗೊಜೊಂಗ್‌ನನ್ನು ಪಟ್ಟದಿಂದ ಇಳಿಸಿ, ಸೈನ್ಯವನ್ನೂ ವಿಸರ್ಜಿಸಿತು. 1910ರ ಆಗಸ್ಟ್‌ನಲ್ಲಿ ಇಡೀ ದೇಶವನ್ನೇ ನುಂಗಿ ಹಾಕಿತು. ಬಿಡುಗಡೆ ಸಿಕ್ಕಿದ್ದು 1945ರ ಆಗಸ್ಟ್ 15ರಂದು. ಇಲ್ಲಿ ಹೇಳುವುದೆಲ್ಲ ಬಹುಪಾಲು ಈ ನಲವತ್ತು ವರ್ಷಗಳ ಒಳಗಿನದು.

ಹೆಸರುಗಳನ್ನು ಓದುವುದು ಹೇಗೆ?

ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ. ಕಿಮ್ ಪಿಲ್‌ಸುನ್ ಎಂದರೆ ಕಿಮ್ ಮನೆತನದ ಪಿಲ್‌ಸುನ್. ಕಿಮ್, ಲೀ, ಪಾಕ್ ಎಂಬವು ಎಲ್ಲ ಕಡೆ ಎದುರಾಗುತ್ತವೆ. ಒಂದೇ ಮನೆತನದ ಹೆಸರು ಕಂಡಿತೆಂದು ಬಂಧುಗಳೆಂದುಕೊಳ್ಳಬೇಡಿ. ನಿಜವಾಗಿ ಬಂಧುಗಳಾಗಿದ್ದಲ್ಲಿ ಇಲ್ಲಿ ಬಿಡಿಸಿ ಹೇಳಿದೆ.

ಹೋರಾಟದಲ್ಲಿ ವಕೀಲರು, ಪತ್ರಕರ್ತರು ಇರುವುದು ಸರಿ. ವೈದ್ಯರು ಯಾಕೆ?

ವೈದ್ಯರ ಬಳಿ ಇತರರ ಬಳಿ ಇಲ್ಲದ ಮೂರು ಅನುಕೂಲಗಳಿದ್ದವು. ಒಂದು, ದುಡಿಮೆ. ಊರು ಬಿಟ್ಟು ಓಡಿಹೋದ ವಕೀಲನ ಸನದು ಗಡಿ ದಾಟಿದ ಕೂಡಲೇ ಬರಿ ಕಾಗದ. ಜ್ವರ ಇಳಿಸಬಲ್ಲವನಿಗೆ ಮಂಚೂರಿಯಾದಲ್ಲೂ ಮಂಗೋಲಿಯಾದಲ್ಲೂ ಅನ್ನ ಹುಟ್ಟುತ್ತಿತ್ತು, ಆ ದುಡ್ಡಿನಲ್ಲಿ ಹತ್ತು ಜನರನ್ನು ಸಾಕಲೂ ಆಗುತ್ತಿತ್ತು. ಎರಡು, ಮರೆ. ಅಪರಾತ್ರಿಯಲ್ಲಿ ಅಪರಿಚಿತನೊಬ್ಬ ವೈದ್ಯರ ಮನೆ ಬಾಗಿಲು ತಟ್ಟಿದರೆ ಯಾರೂ ತಿರುಗಿ ನೋಡುವುದಿಲ್ಲ. ಪತ್ರ, ಹಣ, ತಲೆಮರೆಸಿಕೊಂಡ ಮನುಷ್ಯ ಎಲ್ಲವೂ ಆ ಬಾಗಿಲಿನಿಂದ ಒಳಗೆ ಬರಬಹುದಿತ್ತು.

ಮೂರನೆಯದನ್ನು ಅನುಕೂಲ ಎನ್ನುವುದೂ ತಪ್ಪೇನೋ. ಪೊಲೀಸರ ಏಟು, ಬಯೊನೆಟ್ ಗಾಯ, ಜೈಲಿನ ಕ್ಷಯ ಇವನ್ನೆಲ್ಲ ಪತ್ರಿಕೆಯಲ್ಲಿ ಓದುವ ಮೊದಲೇ ಮೈಮೇಲೆ ಕಂಡವರು ವೈದ್ಯರು ಮತ್ತು ದಾದಿಯರು. ಇವರಲ್ಲಿ ಹಲವರು ಹೋರಾಟಕ್ಕೆ ಬಂದದ್ದು ಗಾಯ ಹೊಲಿದ ಮೇಲೆ. ಭಾಷಣ ಕೇಳಿ ಬಂದವರಿಗಿಂತ ಇವರ ದಾರಿ ಬೇರೆ ಎಂಬುದು ಈ ಬರಹದ ಉದ್ದಕ್ಕೂ ಕಾಣುತ್ತದೆ.

ಸೆವೆರೆನ್ಸ್ ಆಸ್ಪತ್ರೆಯ ಹೆಸರು ಎಲ್ಲ ಕಡೆ ಬರುತ್ತದಲ್ಲ, ಅದೇನು?

1884ರ ಡಿಸೆಂಬರ್‌ನಲ್ಲಿ ಅರಮನೆಯ ಕ್ಷಿಪ್ರಕ್ರಾಂತಿಯೊಂದರಲ್ಲಿ ರಾಣಿಯ ಬಂಧು ಮಿನ್ ಯೊಂಗಿಕ್‌ಗೆ ಕತ್ತಿಯೇಟು ಬಿತ್ತು. ಅವನನ್ನು ಬದುಕಿಸಿದವರು ಅಮೆರಿಕದ ಮಿಷನರಿ ವೈದ್ಯ ಹೊರೇಸ್ ಅಲೆನ್. ಅದರ ಫಲವಾಗಿ 1885ರಲ್ಲಿ ಸಿಯೋಲ್‌ನಲ್ಲಿ ಪಾಶ್ಚಾತ್ಯ ಪದ್ಧತಿಯ ಮೊದಲ ಸರ್ಕಾರಿ ಆಸ್ಪತ್ರೆ ತೆರೆಯಿತು. ಮೊದಲು ಕ್ವಾಂಗ್‌ಹ್ಯೆವೊನ್ ಎಂದಿದ್ದ ಅದರ ಹೆಸರು ಕೆಲವೇ ದಿನಗಳಲ್ಲಿ ಜೆಜುಂಗ್‌ವೊನ್ ಎಂದಾಯಿತು. 1893ರಲ್ಲಿ ಬಂದ ಕೆನಡಾದ ಆಲಿವರ್ ಏವಿಸನ್ ಅದನ್ನು ಬೆಳೆಸಿದರು. ಅಮೆರಿಕದ ತೈಲೋದ್ಯಮಿ ಲೂಯಿ ಸೆವೆರೆನ್ಸ್ ಕೊಟ್ಟ ಹಣದಲ್ಲಿ 1904ರಲ್ಲಿ ನಮ್‌ದೆಮುನ್, ಅಂದರೆ ದಕ್ಷಿಣ ಹೆಬ್ಬಾಗಿಲಿನ ಹೊರಗೆ ಹೊಸ ಕಟ್ಟಡ ಎದ್ದಿತು.

ಒಡೆತನ ಮಿಷನರಿಗಳದ್ದಾಗಿತ್ತು. ಹಾಗಾಗಿ ಜಪಾನಿ ಪೊಲೀಸರು ಅಲ್ಲಿಗೆ ನುಗ್ಗುವ ಮೊದಲು ಒಮ್ಮೆಯಾದರೂ ಯೋಚಿಸುತ್ತಿದ್ದರು. ನುಗ್ಗಲೇ ಇಲ್ಲ ಎಂದಲ್ಲ, ನುಗ್ಗಿದರು. ಆದರೂ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗದ ಒಂದಿಷ್ಟು ಉಸಿರಾಟದ ಜಾಗ ಅಲ್ಲಿತ್ತು.

ಮೊದಲ ಏಳು ಪದವೀಧರರು ಯಾರು?

1908ರ ಜೂನ್ 3ರಂದು ಈ ವೈದ್ಯಶಾಲೆಯಿಂದ ಏಳು ಮಂದಿ ಹೊರಬಂದರು. ಕೊರಿಯಾದ ಗೃಹ ಇಲಾಖೆ ಅವರಿಗೆ 1ರಿಂದ 7ರವರೆಗಿನ ಸಂಖ್ಯೆಯ ವೈದ್ಯಕೀಯ ಪರವಾನಗಿ ಕೊಟ್ಟಿತು. ದೇಶದಲ್ಲೇ ಕಲಿತು ಪರವಾನಗಿ ಪಡೆದ ಮೊದಲ ಪಾಶ್ಚಾತ್ಯ ಪದ್ಧತಿಯ ವೈದ್ಯರು ಇವರು. ಏಳರಲ್ಲಿ ನಾಲ್ವರು, ಕಿಮ್ ಪಿಲ್‌ಸುನ್, ಪಾಕ್ ಸೊಯಾಂಗ್, ಶಿನ್ ಚಾಂಗ್‌ಹಿ ಮತ್ತು ಜು ಹ್ಯೊನ್‌ಚಿಕ್, ಸ್ವಾತಂತ್ರ್ಯ ಹೋರಾಟಕ್ಕೆ ಸೇರಿದರು. ಅರ್ಧಕ್ಕಿಂತ ಹೆಚ್ಚು! ಆರಾಮಾಗಿ ದವಾಖಾನೆ ಇಟ್ಟುಕೊಂಡು ಶ್ರೀಮಂತರಾಗಬಹುದಾಗಿದ್ದ ಜನ ಇವರು.

ಶಿನ್ ಚಾಂಗ್‌ಹಿ, ಹೋರಾಟಗಾರರು ಶಾಂಘೈನಲ್ಲಿ ಕಟ್ಟಿದ ತಾತ್ಕಾಲಿಕ ಸರ್ಕಾರಕ್ಕೆ ಮುಂದೆ ಮುಖ್ಯಸ್ಥರಾದ ಕಿಮ್ ಗು ಅವರ ಷಡ್ಡಕ. ಜು ಹ್ಯೊನ್‌ಚಿಕ್ ಮೇಲಿಂದ ಮೇಲೆ ಬಂಧನಕ್ಕೊಳಗಾಗಿ 1942ರಲ್ಲಿ ತೀರಿಕೊಂಡರು.

ಕಿಮ್ ಪಿಲ್‌ಸುನ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೀರಾ?

ಹುಟ್ಟಿದ್ದು 1878ರಲ್ಲಿ, ಹ್ವಾಂಗ್‌ಹೆ ಪ್ರಾಂತ್ಯದ ಸೊರೆ ಎಂಬ ಹಳ್ಳಿಯಲ್ಲಿ. ಏವಿಸನ್‌ಗೆ ದುಭಾಷಿಯಾಗಿ ಸೇರಿ, ವಿದ್ಯಾರ್ಥಿಯಾಗಿ, ಕೊನೆಗೆ ಸಹೋದ್ಯೋಗಿಯಾದ ಮನುಷ್ಯ. ವೈದ್ಯಕೀಯ ಪಠ್ಯಗಳನ್ನು ಕೊರಿಯನ್ ಭಾಷೆಗೆ ತಂದವರಲ್ಲಿ ಮುಖ್ಯರು. 1906ರಲ್ಲಿ ಅಚ್ಚಾದ ಅಂಗರಚನಾಶಾಸ್ತ್ರದ ಅನುವಾದ ಅವರದೇ.

1907ರ ಆಗಸ್ಟ್ 1ರಂದು ಸೈನ್ಯ ವಿಸರ್ಜನೆಯ ಆದೇಶ ಬಂತು. ದಂಡನಾಯಕ ಪಾಕ್ ಸಂಗ್‌ಹ್ವಾನ್ ತನಗೆ ತಾನೇ ಗುಂಡು ಹಾರಿಸಿಕೊಂಡ. ಅವನ ಸೈನಿಕರು ಶಸ್ತ್ರಾಗಾರ ಒಡೆದು ನಮ್‌ದೆಮುನ್ ಸುತ್ತಮುತ್ತ ಜಪಾನಿ ಪಡೆಯ ಮೇಲೆ ಬಿದ್ದರು. ಆ ಕಾಳಗ ನಡೆದದ್ದು ಹೆಚ್ಚುಕಡಿಮೆ ಸೆವೆರೆನ್ಸ್ ಆಸ್ಪತ್ರೆಯ ಅಂಗಳದಲ್ಲೇ. ಗಾಯಾಳುಗಳನ್ನು ಹೊತ್ತು ತಂದು ಹಾಕಿದಾಗ ಕೈ ಸಾಲದೆ ಕಿಮ್ ತಮ್ಮ ಮನೆಯ ಹೆಂಗಸರನ್ನೇ ಕರೆತಂದು ಶುಶ್ರೂಷೆಗೆ ನಿಲ್ಲಿಸಿದರು. ಗಂಡಸರ ಮೈ ಮುಟ್ಟಿ ಹೆಂಗಸರು ಆರೈಕೆ ಮಾಡುವುದು ಆ ಸಮಾಜದಲ್ಲಿ ನಡೆಯದ ಮಾತು. ಅಂದು ನಡೆಯಿತು. ಮುಂದೆ ದೊಡ್ಡ ಹೋರಾಟಗಾರ್ತಿಯಾದ ಕಿಮ್ ಮಾರಿಯಾ ಇದೇ ಮನೆಯ ಹುಡುಗಿ, ಕಿಮ್ ಪಿಲ್‌ಸುನ್ ಅವರ ಅಣ್ಣನ ಮಗಳು. ತಂಗಿ ಕಿಮ್ ಸುನೆ ಮದುವೆಯಾದದ್ದು 1919ರಲ್ಲಿ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ಹೋದ ಕಿಮ್ ಗ್ಯುಸಿಕ್‌ರನ್ನು.

ಗವರ್ನರ್ ಜನರಲ್ ತೆರಾಉಚಿಯ ಕೊಲೆಗೆ ಸಂಚು ಎಂಬ ಆರೋಪ ಕಟ್ಟಿ 1911ರಲ್ಲಿ ನೂರಾರು ಜನರನ್ನು ಹಿಡಿದರು. 105 ಮಂದಿಗೆ ಶಿಕ್ಷೆಯಾದ್ದರಿಂದ ಅದಕ್ಕೆ '105 ಮಂದಿಯ ಪ್ರಕರಣ' ಎಂದೇ ಹೆಸರು. ಬಂಧನ ತಮ್ಮ ಮನೆಯತ್ತಲೂ ಬರುತ್ತಿದೆ ಎಂದು ತಿಳಿದ ಕಿಮ್, ಆ ವರ್ಷದ ಕೊನೆಯಲ್ಲಿ, ಗಡಿಯ ಶಿನ್‌ಉಯಿಜು ಊರಿನಲ್ಲಿ ಕಷ್ಟದ ಹೆರಿಗೆಯೊಂದಿದೆ, ನೋಡಿ ಬರುತ್ತೇನೆ ಎಂದು ಹೇಳಿ ಹೊರಟರು. ವೈದ್ಯನೊಬ್ಬ ಮಾತ್ರ ಹೇಳಬಹುದಾದ ನೆಪ. ಹೊರಟವರು ಗಡಿ ದಾಟಿ ಮಂಚೂರಿಯಾ ಸೇರಿದರು. ಮೊದಲು ತೊಂಗ್‌ಹುವಾದಲ್ಲಿ, ಅಲ್ಲಿಗೂ ಜಪಾನಿನ ಕೈ ಚಾಚಿದಾಗ ಉತ್ತರದ ಚಿಚಿಹಾರ್‌ನಲ್ಲಿ ಆಸ್ಪತ್ರೆ ತೆರೆದರು. ವಲಸೆ ಬಂದ ಕೊರಿಯನ್ನರಿಗಾಗಿ ಜಮೀನು ಹಿಡಿದು ಊರು ಕಟ್ಟಲು ನೋಡಿದರು. 1919ರಲ್ಲಿ ಇದ್ದಕ್ಕಿದ್ದಂತೆ ಸತ್ತರು. ಜಪಾನಿ ವೈದ್ಯನೊಬ್ಬ ಕೊಟ್ಟ ಹಾಲು ಕುಡಿದ ಮೇಲೆ ಹಾಗಾಯಿತೆಂದು ಮನೆಯವರು ಹೇಳುತ್ತ ಬಂದಿದ್ದಾರೆ. ಅಂದಹಾಗೆ, 1930ರ ದಶಕದಲ್ಲಿ ಶಾಂಘೈನ 'ಸಿನಿಮಾ ಚಕ್ರವರ್ತಿ' ಎನಿಸಿಕೊಂಡ ನಟ ಜಿನ್ ಯಾನ್ ಇವರ ಮಗ.

ಕಟುಕನ ಮಗ ಸರ್ಜನ್ ಆದ ಕಥೆ ನಿಜವೇ?

ನಿಜ. ಪಾಕ್ ಸೊಯಾಂಗ್ ಅವರ ತಂದೆ ಪಾಕ್ ಸೊಂಗ್‌ಚುನ್ ಬೆಕ್‌ಜೊಂಗ್ ಸಮುದಾಯದವರು. ಪ್ರಾಣಿ ಕಡಿಯುವ ಕಸುಬಿನ ಈ ಜನ ಊರ ಹೊರಗಿರಬೇಕು, ಇತರ ಗಂಡಸರಂತೆ ಟೋಪಿ ಧರಿಸುವಂತಿಲ್ಲ, ಎಲ್ಲರೆದುರು ತಲೆ ತಗ್ಗಿಸಬೇಕು. ಅಸ್ಪೃಶ್ಯತೆಯನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. 1893ರಲ್ಲಿ ಪಾಕ್ ಸೊಂಗ್‌ಚುನ್ ವಿಷಮಜ್ವರದಿಂದ ಮಲಗಿದ್ದಾಗ ಏವಿಸನ್ ಅವರ ಮನೆಗೇ ಹೋಗಿ ಚಿಕಿತ್ಸೆ ಕೊಟ್ಟರು. ಏವಿಸನ್ ಆಗ ರಾಜನ ವೈದ್ಯ. ರಾಜನ ನಾಡಿ ಹಿಡಿದ ಕೈ ಕಟುಕನ ನಾಡಿ ಹಿಡಿಯಿತೆಂಬುದು ಊರಿಗೆಲ್ಲ ದೊಡ್ಡ ಸುದ್ದಿಯಾಯಿತು.

ಜ್ವರದಿಂದೆದ್ದ ತಂದೆ ಮಗನನ್ನು ಏವಿಸನ್ ಕೈಗೆ ಒಪ್ಪಿಸಿದರು. ಹುಡುಗನಿಗೆ ಮೊದಲು ಸಿಕ್ಕಿದ್ದು ನೆಲ ಒರೆಸುವ, ಹಾಸಿಗೆ ಸರಿಮಾಡುವ ಕೆಲಸ. ಅದರಲ್ಲಿ ಗೆದ್ದ ಮೇಲೆ ಪುಸ್ತಕ ಕೈಗೆ ಬಂತು. ಪದವಿ ಪಡೆದು ಅಲ್ಲೇ ಪಾಠ ಹೇಳಿದ ಪಾಕ್ ಸೊಯಾಂಗ್, 1917ರ ಸುಮಾರಿಗೆ ಎಲ್ಲ ಬಿಟ್ಟು ಗಡಿಯಾಚೆಯ ಗಾಂದೊ ಪ್ರದೇಶದ ಯಾಂಜಿಗೆ ಹೋದರು. ಅಲ್ಲಿ ಗುಸೆ ಆಸ್ಪತ್ರೆಯನ್ನೂ, ಕೊರಿಯನ್ ಮಕ್ಕಳಿಗಾಗಿ ಸುಂಗ್‌ಶಿನ್ ಶಾಲೆಯನ್ನೂ ತೆರೆದರು. ಸ್ವಾತಂತ್ರ್ಯ ಪಡೆಗೆ ವೈದ್ಯರಾದರು. ಜಪಾನಿ ಪೊಲೀಸರ ಕಣ್ಣು ಆಸ್ಪತ್ರೆಗಿಂತ ಶಾಲೆಯ ಮೇಲೆ ಹೆಚ್ಚಾಗಿತ್ತು, ಕೊನೆಗೆ ಅದನ್ನು ಮುಚ್ಚಿಸಿದರು. 1936ರಲ್ಲಿ ತಾಯ್ನಾಡಿಗೆ ಮರಳಿದ ಅವರು 1940ರಲ್ಲಿ, ಸ್ವಾತಂತ್ರ್ಯ ಕಾಣದೆ, ತೀರಿಕೊಂಡರು.

1919ರ ಮಾರ್ಚ್ 1ರ ಚಳವಳಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳ ಪಾತ್ರವೇನು?

ದೊಡ್ಡದು. ಅಂದು ಕೊರಿಯಾದ ಸ್ವಾತಂತ್ರ್ಯ ಘೋಷಣೆಯನ್ನು ಓದಿ ಜನ ಬೀದಿಗಿಳಿದರು. ಆ ಘೋಷಣೆಗೆ ಸಹಿ ಹಾಕಿದ 33 ಮಂದಿಯಲ್ಲಿ ಒಬ್ಬರಾದ ಲೀ ಗಾಪ್‌ಸೊಂಗ್ ಸೆವೆರೆನ್ಸ್ ಆಸ್ಪತ್ರೆಯ ಔಷಧ ವಿಭಾಗದಲ್ಲಿದ್ದವರು. ಸಿಯೋಲ್‌ನ ವಿದ್ಯಾರ್ಥಿಗಳನ್ನು ಸಂಘಟಿಸುವುದಕ್ಕೆ ನಡೆದ ಗುಟ್ಟಿನ ಸಭೆಗಳಲ್ಲಿ ಸರ್ಕಾರಿ ಗ್ಯೊಂಗ್‌ಸೊಂಗ್ ವೈದ್ಯಕೀಯ ಕಾಲೇಜಿನ ಕಿಮ್ ಹ್ಯೊಂಗ್‌ಗಿ, ಹಾನ್ ವಿಗೊನ್, ಸೆವೆರೆನ್ಸ್‌ನ ಲೀ ಯೊಂಗ್‌ಸೊಲ್ ಮೊದಲಾದವರಿದ್ದರು. ಸೆವೆರೆನ್ಸ್ ಕಥೆ ಹೇಳುವವರು ಮರೆಯುವ ಸಂಗತಿಯೊಂದಿದೆ. ಅಂದು ಬಂಧಿತರಾದ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಮುಂಚೂಣಿಯಲ್ಲಿದ್ದದ್ದು ಸರ್ಕಾರದ್ದೇ ಕಾಲೇಜು. ಗವರ್ನರ್ ಜನರಲ್‌ನ ಹಣದಲ್ಲಿ ಓದುತ್ತಿದ್ದ ಹುಡುಗರು ಅವನ ಕಿಟಕಿಯ ಕೆಳಗೇ ಘೋಷಣೆ ಕೂಗಿದರು.

ಅವರಲ್ಲೊಬ್ಬ ಪೆಕ್ ಇಂಜೆ. ತರಗತಿಗೇ ಮೊದಲಿಗನಾಗಿದ್ದ ಈ ಹುಡುಗ ಹತ್ತು ತಿಂಗಳು ಜೈಲಿನಲ್ಲಿದ್ದು ಬಂದ. 1921ರಲ್ಲಿ ಪದವಿ ಮುಗಿದರೂ ಪರವಾನಗಿ ಕೊಡಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುತ್ತ ಕೂರಬೇಕಾಯಿತು. ಆಮೇಲೆ ದೇಶದ ಹೆಸರಾಂತ ಸರ್ಜನ್ ಆದದ್ದು, 1950ರ ಯುದ್ಧದಲ್ಲಿ ಉತ್ತರ ಕೊರಿಯಾದವರು ಅವರನ್ನು ಎತ್ತಿಕೊಂಡು ಹೋದದ್ದು ಇನ್ನೊಂದು ಕಥೆ.

ತಲೆಬುರುಡೆಯ ಗಲಾಟೆ ಎಂದರೇನು?

1921ರ ಮೇ ತಿಂಗಳು, ಅದೇ ಸರ್ಕಾರಿ ಕಾಲೇಜು. ಅಂಗರಚನಾ ವಿಭಾಗದಿಂದ ಒಂದು ತಲೆಬುರುಡೆ ಕಾಣೆಯಾಯಿತು. ಪ್ರೊಫೆಸರ್ ಕುಬೊ ತಾಕೆಶಿ ತನಿಖೆಗೆ ಕಾಯಲಿಲ್ಲ. ಕೊರಿಯನ್ನರು ದೇಹರಚನೆಯಿಂದಲೇ ಅನಾಗರಿಕರು, ಕದ್ದವರು ನೀವೇ ಎಂಬ ಧಾಟಿಯಲ್ಲಿ ತರಗತಿಯಲ್ಲೇ ಮಾತಾಡಿದ. ಇದು ಕೋಪದಲ್ಲಿ ಜಾರಿದ ಮಾತಲ್ಲ. ಕೊರಿಯನ್ನರ ಮೈಯಳೆದು ಜನಾಂಗದ ಮೇಲುಕೀಳು ತೋರಿಸುವ ಪ್ರಬಂಧಗಳನ್ನು ಬರೆಯುವುದೇ ಅವನ ವೃತ್ತಿಯಾಗಿತ್ತು.

ಕೊರಿಯನ್ ವಿದ್ಯಾರ್ಥಿಗಳು 194 ಮಂದಿಯೂ ಅವನ ಪಾಠಕ್ಕೆ ಕೂರುವುದಿಲ್ಲ ಎಂದರು. ಕಾಲೇಜು 9 ಮಂದಿಯನ್ನು ಹೊರಹಾಕಿ, 185 ಮಂದಿಯನ್ನು ಅಮಾನತಿನಲ್ಲಿಟ್ಟಿತು. ಪತ್ರಿಕೆಗಳು, ಹಳೆ ವಿದ್ಯಾರ್ಥಿಗಳು, ಪೋಷಕರು ಎಲ್ಲ ಸೇರಿ ಒತ್ತಡ ತಂದ ಮೇಲೆ ಅವರನ್ನು ಮತ್ತೆ ಸೇರಿಸಿಕೊಂಡರು. ಮರುವರ್ಷ ಕುಬೊ ಜಾಗ ಖಾಲಿ ಮಾಡಿದ.

ಮಂಗೋಲಿಯಾದಲ್ಲಿ ಕೊರಿಯನ್ ವೈದ್ಯರೊಬ್ಬರ ಸ್ಮಾರಕ ಯಾಕಿದೆ?

ಅದು ಲೀ ತೇಜುನ್ ಅವರದ್ದು. ಈ ಪುಟದ ಎಲ್ಲರಲ್ಲಿ ಅತಿ ದೂರ ಹೋದವರು ಇವರು. 1883ರಲ್ಲಿ ದಕ್ಷಿಣದ ಹಾಮಾನ್‌ನಲ್ಲಿ ಹುಟ್ಟಿ, 1911ರಲ್ಲಿ ಸೆವೆರೆನ್ಸ್‌ನಿಂದ ಪದವಿ ಪಡೆದರು. ನಾಯಕ ಆನ್ ಚಾಂಗ್‌ಹೊ ಅವರ ಬಳಗಕ್ಕೆ ಸೇರಿದ್ದರು. ಕಿಮ್ ಪಿಲ್‌ಸುನ್ ತಪ್ಪಿಸಿಕೊಂಡ ಬೆನ್ನಿಗೇ ಇವರೂ ಚೀನಾಕ್ಕೆ ಹೊರಟು ನಾನ್ಜಿಂಗ್ ಸೇರಿದರು. 1914ರಲ್ಲಿ ಕಿಮ್ ಗ್ಯುಸಿಕ್ ಜತೆ ಮಂಗೋಲಿಯಾದ ರಾಜಧಾನಿಗೆ ಹೋದರು. ಇಂದಿನ ಉಲಾನ್‌ಬಾತರ್ ಆಗ ಉರ್ಗಾ. ಅಲ್ಲೊಂದು ಸೈನಿಕ ಶಾಲೆ ಕಟ್ಟಬೇಕೆಂಬುದು ಲೆಕ್ಕ. ಹಣ ಬರಲಿಲ್ಲ, ಶಾಲೆ ಆಗಲಿಲ್ಲ.

ಆಗ ಲೀ ದವಾಖಾನೆ ತೆರೆದರು. ಮಂಗೋಲಿಯಾದಲ್ಲಿ ಆ ದಿನಗಳಲ್ಲಿ ಪರಂಗಿ ಹುಣ್ಣು, ಅಂದರೆ ಸಿಫಿಲಿಸ್, ಮನೆಮನೆಗೂ ಹಬ್ಬಿತ್ತು. ಲಾಮಾಗಳ ಮಂತ್ರಕ್ಕೆ ಜಗ್ಗದ ರೋಗ ಲೀ ಕೊಟ್ಟ ಹೊಸ ಔಷಧಕ್ಕೆ ಜಗ್ಗಿತು. ಹೆಸರು ಅರಮನೆಗೂ ಮುಟ್ಟಿತು. ದೇಶದ ಧರ್ಮಗುರುವೂ ದೊರೆಯೂ ಆಗಿದ್ದ ಬೊಗ್ದ್ ಖಾನ್‌ಗೆ ಲೀ ವೈದ್ಯರಾದರು. 1919ರ ಜುಲೈನಲ್ಲಿ ದೊರೆ ಅವರಿಗೆ ರಾಜ್ಯದ ದೊಡ್ಡ ಪದಕವೊಂದನ್ನು ಕೊಟ್ಟ.

ಆಸ್ಥಾನ ವೈದ್ಯನ ಮನೆ ಎಂದಮೇಲೆ ಶಂಕೆ ಯಾರಿಗೆ? ರಷ್ಯಾಕ್ಕೂ ಚೀನಾಕ್ಕೂ ಓಡಾಡುವ ಕೊರಿಯನ್ ಹೋರಾಟಗಾರರಿಗೆ ಅದು ತಂಗುದಾಣವಾಯಿತು. ಸೋವಿಯತ್ ಸರ್ಕಾರ ಕೊರಿಯನ್ನರಿಗೆ ಕೊಟ್ಟ ಚಿನ್ನದ ಒಂದು ಪಾಲು ಗೋಬಿ ಮರುಭೂಮಿ ದಾಟಿ ಶಾಂಘೈ ಮುಟ್ಟಿದ್ದು ಇವರ ನೆರವಿನಿಂದ. ಬಾಂಬ್ ತಯಾರಿ ಬಲ್ಲ ಹಂಗೇರಿಯನ್ ಒಬ್ಬನನ್ನು ಕ್ರಾಂತಿಕಾರಿ ಕಿಮ್ ವೊನ್‌ಬೊಂಗ್‌ಗೆ ಗೊತ್ತುಮಾಡಿಕೊಡಲು ಒಪ್ಪಿದ್ದವರೂ ಇವರೇ. ಅಷ್ಟರಲ್ಲಿ, 1921ರ ಫೆಬ್ರುವರಿಯಲ್ಲಿ, ಉಂಗರ್ನ್ ಎಂಬ, ಬೊಲ್ಶೆವಿಕರ ವಿರುದ್ಧದ 'ಬಿಳಿ' ಪಡೆಯ ರಷ್ಯನ್ ದಂಡನಾಯಕ ಉರ್ಗಾವನ್ನು ಹಿಡಿದ. ಅವನ ಪಡೆಯವರು ಲೀ ಅವರನ್ನು ಕೊಂದರು. ವಯಸ್ಸು 37. ಆ ಹಂಗೇರಿಯನ್ ಮಾತ್ರ ತಾನೇ ಬೀಜಿಂಗ್ ತಲುಪಿ, ಕಿಮ್ ವೊನ್‌ಬೊಂಗ್‌ಗಾಗಿ ಊರೆಲ್ಲ ಹುಡುಕಿ ಕೆಲಸಕ್ಕೆ ಸೇರಿದನಂತೆ.

ನಾಟಿ ವೈದ್ಯರು ಇದರಲ್ಲಿ ಇರಲಿಲ್ಲವೇ?

ಇದ್ದರು. ಪಾರಂಪರಿಕ ವೈದ್ಯರನ್ನು ಜಪಾನ್ 1913ರ ನಿಯಮದಿಂದ ವೈದ್ಯರೆಂಬ ದರ್ಜೆಯಿಂದಲೇ ಕೆಳಗಿಳಿಸಿತು. ಅವರ ಪೈಕಿ ಎಲ್ಲರಿಗೂ ಗೊತ್ತಿರುವ ಹೆಸರು ಕಾಂಗ್ ಉಗ್ಯು. ಗಿಡಮೂಲಿಕೆ ವೈದ್ಯದಲ್ಲಿ ಗಳಿಸಿದ್ದನ್ನು ಶಾಲೆಗಳಿಗೆ ಸುರಿದು, ದೇಶ ಹೋದ ಮೇಲೆ ಮಂಚೂರಿಯಾಕ್ಕೆ ವಲಸೆ ಹೋದವರು. ಮಾರ್ಚ್ ಚಳವಳಿಯನ್ನು ತುಳಿದ ಬಳಿಕ ಹೊಸ ಗವರ್ನರ್ ಜನರಲ್ ಸೈತೊ ಮಕೊತೊ ಬರುತ್ತಾನೆಂದು ತಿಳಿದು, ಬಾಂಬನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ಸಿಯೋಲ್‌ಗೆ ಬಂದರು. 1919ರ ಸೆಪ್ಟೆಂಬರ್ 2ರಂದು ನಮ್‌ದೆಮುನ್ ರೈಲು ನಿಲ್ದಾಣದ ಮುಂದೆ ಸೈತೊನ ಗಾಡಿಯತ್ತ ಎಸೆದರು. ಆಗ ಅವರಿಗೆ 64 ವರ್ಷ. ಸೈತೊಗೆ ಏನೂ ಆಗಲಿಲ್ಲ, ಸುತ್ತಲಿದ್ದ ಹಲವರು ಗಾಯಗೊಂಡರು, ಸಾವೂ ಆಯಿತು. ಮುದುಕನೆಂದು ಯಾರೂ ಗಮನಿಸದ್ದರಿಂದ ಗುಂಪಿನಲ್ಲೇ ನಡೆದು ಹೋದರು. ಎರಡು ವಾರದ ಮೇಲೆ ಅವರನ್ನು ಹಿಡಿದದ್ದು ಜಪಾನಿ ಪೊಲೀಸ್ ಇಲಾಖೆಯಲ್ಲಿದ್ದ ಕೊರಿಯನ್ ಅಧಿಕಾರಿ. 1920ರ ನವೆಂಬರ್ 29ರಂದು ಸೊದೆಮುನ್ ಜೈಲಿನಲ್ಲಿ ಗಲ್ಲಿಗೇರಿಸಿದರು.

ದಾದಿಯರು, ಸೂಲಗಿತ್ತಿಯರು?

ಪಾಕ್ ಜಾಹ್ಯೆ ಹೆಸರು ತಿಳಿದಿರಲಿ. ಚಿಕ್ಕಂದಿನಲ್ಲೇ ಅರಮನೆಯ ಊಳಿಗಕ್ಕೆ ಸೇರಿ, ಅರಮನೆ ಬರಿದಾದ ಮೇಲೆ ಓದಿ, ಗವರ್ನರ್ ಜನರಲ್ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. 1919ರ ಮಾರ್ಚ್‌ನಲ್ಲಿ ಗಾಯಾಳುಗಳು ಬಂದು ಬೀಳುತ್ತಿದ್ದಂತೆ ಸಹೋದ್ಯೋಗಿಗಳನ್ನು ಸೇರಿಸಿ ಗಾನುಹ್ವೆ ಎಂಬ ಕೂಟ ಕಟ್ಟಿ ಮುಷ್ಕರಕ್ಕೆ ಕರೆಕೊಟ್ಟರು. ಸರ್ಕಾರದ್ದೇ ಆಸ್ಪತ್ರೆಯೊಳಗೆ! ಬಂಧನವಾಗಿ ಬಿಡುಗಡೆಯಾದ ಮೇಲೆ ಬೀಜಿಂಗ್‌ಗೆ ಹೋಗಿ, ಇತಿಹಾಸಕಾರ ಶಿನ್ ಚೆಹೊ ಅವರನ್ನು ಮದುವೆಯಾದರು. ಮಕ್ಕಳೊಂದಿಗೆ ಸಿಯೋಲ್‌ಗೆ ಮರಳಿ ಇನ್ಸಾದೊಂಗ್‌ನಲ್ಲಿ ಸೂಲಗಿತ್ತಿಯ ಬೋರ್ಡು ಹಾಕಿಕೊಂಡರು. ಪೊಲೀಸರು ಸದಾ ಕಾಯುವ ಮನೆಗೆ ಹೆರಿಗೆಗೆಂದು ಬರುವವರು ಎಷ್ಟು ಜನ? ಒಲೆ ಹೊತ್ತದ ದಿನಗಳೇ ಹೆಚ್ಚು. ಅಷ್ಟರಲ್ಲೂ 1926ರಲ್ಲಿ, ಕೊರಿಯಾದ ಜಮೀನು ಕಬಳಿಸುತ್ತಿದ್ದ ಜಪಾನಿ ಸಂಸ್ಥೆ ಓರಿಯಂಟಲ್ ಡೆವಲಪ್‌ಮೆಂಟ್ ಕಂಪನಿಯ ಮೇಲೆ ಬಾಂಬ್ ಎಸೆಯಲು ಬಂದ ನಾ ಸೊಕ್‌ಜುಗೆ ದಾರಿ ತೋರಿಸಿದರು. ಗಂಡ 1936ರಲ್ಲಿ ಲುಷುನ್ ಜೈಲಿನಲ್ಲಿ ಸತ್ತರು, ಆಕೆ 1943ರಲ್ಲಿ.

ಶಾಂಘೈನ ರೆಡ್‌ಕ್ರಾಸ್ ಏನು ಮಾಡಿತು?

ಕೊರಿಯಾದ ರೆಡ್‌ಕ್ರಾಸ್ 1905ರಲ್ಲಿ ಹುಟ್ಟಿತ್ತು. ಜಪಾನ್ ಅದನ್ನು 1909ರಲ್ಲಿ ತನ್ನ ಸಂಸ್ಥೆಯಲ್ಲಿ ಕರಗಿಸಿತು. 1919ರಲ್ಲಿ ಶಾಂಘೈನಲ್ಲಿ ತಾತ್ಕಾಲಿಕ ಸರ್ಕಾರದ ಆಶ್ರಯದಲ್ಲಿ ಅದಕ್ಕೆ ಮರುಜೀವ ಬಂತು. ಡಾ. ಲೀ ಹಿಗ್ಯೊಂಗ್ ಮುಂದೆ ನಿಂತರು. ಸ್ವಾತಂತ್ರ್ಯ ಯುದ್ಧಕ್ಕೆ ದಾದಿಯರು ಬೇಕೆಂದು 1920ರ ಆರಂಭದಲ್ಲಿ ತರಬೇತಿ ಶಾಲೆ ತೆರೆದರು. ಕಲಿಸಿದವರಲ್ಲಿ ಸೆವೆರೆನ್ಸ್‌ನ ಕಿಮ್ ಚಾಂಗ್‌ಸೆ ಒಬ್ಬರು. ಒಂದು ತಂಡ ಮುಗಿಯುವಷ್ಟರಲ್ಲಿ ದುಡ್ಡೂ ಮುಗಿಯಿತು.

ಸ್ಕೋಫೀಲ್ಡ್ ವೈದ್ಯರೇ? ಕೊರಿಯನ್ನರೇ?

ಎರಡೂ ಅಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಪಶುವೈದ್ಯ ಫ್ರ್ಯಾಂಕ್ ಸ್ಕೋಫೀಲ್ಡ್, 1916ರಿಂದ ಸೆವೆರೆನ್ಸ್‌ನಲ್ಲಿ ಬ್ಯಾಕ್ಟೀರಿಯಾ ವಿಜ್ಞಾನ ಕಲಿಸುತ್ತಿದ್ದರು. ಮಾರ್ಚ್ 1ರ ಮೆರವಣಿಗೆಯ ಫೋಟೊ ತೆಗೆದವರು ಅವರು. 1919ರ ಏಪ್ರಿಲ್ 15ರಂದು ಜೆಯಾಮ್‌ರಿ ಹಳ್ಳಿಯಲ್ಲಿ ಜಪಾನಿ ಸೈನಿಕರು ಗಂಡಸರನ್ನು ಚರ್ಚಿನೊಳಗೆ ಕೂಡಿಹಾಕಿ ಬೆಂಕಿಯಿಟ್ಟು, ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಪೋಲಿಯೊದಿಂದ ಒಂದು ಕೈ, ಒಂದು ಕಾಲು ಸ್ವಾಧೀನ ತಪ್ಪಿದ್ದ ಈ ಮನುಷ್ಯ ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋಗಿ ಸುಟ್ಟ ಊರಿನ ಚಿತ್ರ ತೆಗೆದು ಹೊರಜಗತ್ತಿಗೆ ಮುಟ್ಟಿಸಿದರು. 1970ರಲ್ಲಿ ಸಿಯೋಲ್‌ನಲ್ಲೇ ತೀರಿಕೊಂಡರು. ರಾಷ್ಟ್ರೀಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಹಾಗಾದರೆ ಕೊರಿಯಾದ ವೈದ್ಯರೆಲ್ಲ ಹೋರಾಟಗಾರರೇ?

ಖಂಡಿತ ಅಲ್ಲ. ಬಹಳಷ್ಟು ಮಂದಿ ತಮ್ಮ ಪಾಡಿಗೆ ದವಾಖಾನೆ ನಡೆಸಿದರು, ಕೆಲವರು ಆಳುವವರ ಜತೆ ನಿಂತರು. ಸೆವೆರೆನ್ಸ್‌ನ ಮೊದಲ ಕೊರಿಯನ್ ಪ್ರಾಂಶುಪಾಲ ಓ ಗುಂಗ್‌ಸೊನ್ ಅವರ ಹೆಸರು, 2009ರಲ್ಲಿ ಹೊರಬಂದ ಜಪಾನ್ ಪರವಾಗಿದ್ದವರ ಪಟ್ಟಿಯಲ್ಲಿದೆ. ಸೆವೆರೆನ್ಸ್ ಎಂದರೆ ದೇಶಭಕ್ತರ ಮಠ ಎಂಬಂತೆ ಬರೆಯುವವರು ಈ ಪುಟವನ್ನು ಮಗುಚಿಬಿಡುತ್ತಾರೆ.

ಇವೆರಡರ ನಡುವೆ ನಿಂತವರು ನನಗೆ ಹೆಚ್ಚು ಕುತೂಹಲದವರು. ಯು ಸಾಂಗ್‌ಗ್ಯು 1919ರಲ್ಲಿ ಕಾಲೇಜು ಬಿಟ್ಟು ಶಾಂಘೈಗೆ ಹೋಗಿ ಆನ್ ಚಾಂಗ್‌ಹೊ ಅವರ ಕಾರ್ಯದರ್ಶಿಯಾದರು. ಹಿಂತಿರುಗಿ ಓದು ಮುಗಿಸು ಎಂದು ಆನ್ ಅವರೇ ಕಳಿಸಿದರು. ಬಂದು, ಜಪಾನಿಗಳದ್ದೇ ಕಾಲೇಜಿನಲ್ಲಿ ಮತ್ತೆ ಕೂತು, 1927ರಲ್ಲಿ ಪದವಿ ಪಡೆದರು. ಸರ್ಜನ್ ಆದರು, ಜನರಿಗೆ ಆರೋಗ್ಯದ ಪಾಠ ಹೇಳಿದರು, 1930ರಲ್ಲಿ ಕೊರಿಯನ್ ವೈದ್ಯರದ್ದೇ ಸಂಘ ಕಟ್ಟಲು ದುಡಿದರು. 1936ರಲ್ಲಿ ರೋಗಿಯೊಬ್ಬನ ಸೋಂಕು ತಗುಲಿ ಸತ್ತರು. ಎರಡು ವರ್ಷದ ಬಳಿಕ ಆನ್ ಚಾಂಗ್‌ಹೊ ಸತ್ತಾಗ, ಅವರದೇ ಆಸೆಯಂತೆ, ಮಾಂಗುರಿ ಸ್ಮಶಾನದಲ್ಲಿ ಯು ಅವರ ಪಕ್ಕದಲ್ಲಿ ಮಣ್ಣು ಮಾಡಿದರು.

ಸಿಯೋಲ್‌ಗೆ ಹೋದರೆ ಏನು ನೋಡಬಹುದು?

ಹಳೆಯ ಸಿಯೋಲ್ ನಿಲ್ದಾಣದ ಮುಂದೆ ಕಾಂಗ್ ಉಗ್ಯು ಅವರ ಪ್ರತಿಮೆಯಿದೆ. ಸೊದೆಮುನ್ ಜೈಲು ಈಗ ವಸ್ತುಸಂಗ್ರಹಾಲಯ. ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಆಸ್ಪತ್ರೆಯ ಆವರಣದಲ್ಲಿ ಮುಂದೆ ಗವರ್ನರ್ ಜನರಲ್ ಆಸ್ಪತ್ರೆಯಾದ ಹಳೆಯ ದೆಹಾನ್ ಆಸ್ಪತ್ರೆಯ ಕೆಂಪು ಇಟ್ಟಿಗೆಯ ಕಟ್ಟಡ ಇನ್ನೂ ನಿಂತಿದೆ. ಪೆಕ್ ಇಂಜೆ ಅವರ ಬುಕ್‌ಚೊನ್ ಮನೆಗೂ ಪ್ರವೇಶವಿದೆ. ಆನ್ ಅವರ ಸಮಾಧಿಯನ್ನು 1973ರಲ್ಲಿ ಗಾಂಗ್‌ನಾಮ್‌ನ ದೊಸಾನ್ ಉದ್ಯಾನಕ್ಕೆ ಸ್ಥಳಾಂತರಿಸಿದರು, ಯು ಮಾಂಗುರಿಯಲ್ಲೇ ಉಳಿದರು. ಲೀ ತೇಜುನ್ ಸ್ಮಾರಕ ಉದ್ಯಾನ ನೋಡಲು ಮಾತ್ರ ಉಲಾನ್‌ಬಾತರ್‌ಗೇ ಹೋಗಬೇಕು, ಜೈಸಾನ್ ಗುಡ್ಡದ ಬುಡದಲ್ಲಿದೆ.

ಇವರಿಗೆ ಸರ್ಕಾರದ ಗೌರವ ಸಿಕ್ಕಿತೇ?

ಸಿಕ್ಕಿತು, ಬಹುತೇಕ ತಡವಾಗಿ. ಲೀ ತೇಜುನ್‌ಗೆ 1990ರಲ್ಲಿ, ಕಿಮ್ ಪಿಲ್‌ಸುನ್‌ಗೆ 1997ರಲ್ಲಿ, ಪಾಕ್ ಸೊಯಾಂಗ್‌ಗೆ 2008ರಲ್ಲಿ. ಎಡಪಂಥಕ್ಕೆ ಹೋದವರನ್ನು ದಕ್ಷಿಣ ಕೊರಿಯಾ ಇನ್ನೂ ಹೆಚ್ಚು ಕಾಯಿಸಿತು. ಮಾರ್ಚ್ 1ರ ವಿದ್ಯಾರ್ಥಿ ನಾಯಕ ಹಾನ್ ವಿಗೊನ್ ಮುಂದೆ ಕಮ್ಯುನಿಸ್ಟ್ ಆಗಿ ಚೀನಾದ ಯಾನಾನ್‌ನಲ್ಲಿ 1937ರಲ್ಲಿ ತೀರಿಕೊಂಡಿದ್ದರು, ಅವರಿಗೆ ಪದಕ ಬಂದದ್ದು 2005ರಲ್ಲಿ. ಸೆವೆರೆನ್ಸ್‌ನಲ್ಲಿ ದಾದಿ ತರಬೇತಿ ಪಡೆದು, ಸೂಲಗಿತ್ತಿಯಾಗಿ ದುಡಿಯುತ್ತ ಮಹಿಳಾ ಸಂಘಟನೆಗಳನ್ನು ಕಟ್ಟಿದ ಸಮಾಜವಾದಿ ಜೊಂಗ್ ಜೊಂಗ್‌ಮ್ಯೊಂಗ್ ಅವರ ಸರದಿ ಬಂದದ್ದು 2018ರಲ್ಲಿ.